ಸಹಿ ಹಾಕುವ ಮೊದಲು ಕೇಳಬೇಕಾದ ಮಾತು

ವೈದ್ಯಕೀಯ ಸಂಶೋಧನೆ ಮತ್ತು ರೋಗಿಗಳ ಹಕ್ಕುಗಳ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕುತೂಹಲಕ್ಕೆ ಬರೆದವಲ್ಲ; ಮನೆಯಲ್ಲಿ ಯಾರೋ ಮಲಗಿರುವಾಗ, ನಾಳೆ ಬೆಳಗ್ಗೆ ಯಾವುದೋ ಕಾಗದಕ್ಕೆ ಸಹಿ ಹಾಕಬೇಕಾಗಿರುವಾಗ ಬರೆದವು. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು, ಊರು, ಆಸ್ಪತ್ರೆಯ ಗುರುತು ಎಲ್ಲವನ್ನೂ ತೆಗೆದಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತು ವರ್ಷ. ಅವರ ಮೂತ್ರಪಿಂಡದ ಕಾಯಿಲೆಗೆ ಮೊದಲಿನಿಂದಲೂ ಚಿಕಿತ್ಸೆ ಕೊಡುತ್ತಿರುವ ವೈದ್ಯರೇ ಈಗ ಹೊಸ ಔಷಧಿಯೊಂದರ ಕ್ಲಿನಿಕಲ್ ಟ್ರಯಲ್‌ಗೆ ಸೇರಬಹುದು ಎಂದು ಹೇಳಿ, ಇಪ್ಪತ್ತೆರಡು ಪುಟಗಳ ಒಪ್ಪಿಗೆ ಪತ್ರ ಕೊಟ್ಟಿದ್ದಾರೆ. ತಂದೆಯವರು ಅದನ್ನು ತೆರೆದೂ ನೋಡದೆ, ‘ಡಾಕ್ಟರೇ ಹೇಳಿದ ಮೇಲೆ ಇನ್ನೇನು’ ಎನ್ನುತ್ತಾರೆ. ಇದು ಅವರ ಮೇಲೆ ಪ್ರಯೋಗ ಮಾಡಿದಂತೆ ಅಲ್ಲವೇ? ಬೇಡವೆಂದರೆ ವೈದ್ಯರಿಗೆ ಬೇಸರವಾಗಿ ಮುಂದಿನ ಚಿಕಿತ್ಸೆ ಕೆಟ್ಟೀತೆಂಬ ಅಳುಕೂ ಇದೆ.

ಉತ್ತರ: ಹೌದು, ಅದು ಪ್ರಯೋಗವೇ, ಮತ್ತು ಆ ಮಾತನ್ನು ತಂದೆಯವರಿಗೆ ಹಾಗೆಯೇ ಹೇಳಬೇಕು. ಪ್ರಯೋಗ ಎಂದ ಮಾತ್ರಕ್ಕೆ ಅನ್ಯಾಯ ಎಂದಾಗುವುದಿಲ್ಲ. ನಾವು ಇಂದು ನಂಬಿಕೆಯಿಂದ ನುಂಗುವ ಪ್ರತಿಯೊಂದು ಮಾತ್ರೆಯನ್ನೂ ಯಾರೋ ಒಬ್ಬರು ಮೊದಲು ಒಪ್ಪಿ ನುಂಗಿದ್ದಾರೆ. ಅನ್ಯಾಯ ಶುರುವಾಗುವುದು ಪ್ರಯೋಗವನ್ನು ಚಿಕಿತ್ಸೆಯೆಂದು ಹೇಳಿದಾಗ, ಅಥವಾ ರೋಗಿ ಹಾಗೆ ತಿಳಿದುಕೊಂಡಿದ್ದಾನೆಂದು ಗೊತ್ತಿದ್ದೂ ತಿದ್ದದೆ ಸುಮ್ಮನಿದ್ದಾಗ.

ಚಿಕಿತ್ಸೆ ಕೊಡುವ ವೈದ್ಯರು ತಮ್ಮ ಮುಂದಿರುವ ಒಬ್ಬ ರೋಗಿಗೆ ಯಾವುದು ಒಳ್ಳೆಯದೋ ಅದನ್ನು ಆರಿಸುತ್ತಾರೆ, ಡೋಸ್ ಹೆಚ್ಚು ಕಡಿಮೆ ಮಾಡುತ್ತಾರೆ, ಹೊಂದದಿದ್ದರೆ ಬದಲಿಸುತ್ತಾರೆ. ಟ್ರಯಲ್‌ನಲ್ಲಿ ಔಷಧಿ, ಡೋಸ್, ರಕ್ತಪರೀಕ್ಷೆಯ ದಿನ ಎಲ್ಲವೂ ಮೊದಲೇ ಬರೆದಿಟ್ಟ ಕ್ರಮದಂತೆ ನಡೆಯುತ್ತವೆ. ಯಾರಿಗೆ ಹೊಸ ಔಷಧಿ, ಯಾರಿಗೆ ಹಳೆಯದು ಎಂಬುದನ್ನು ಬಹಳ ಸಲ ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತದೆ, ಏಕೆಂದರೆ ಅಲ್ಲಿನ ಮೊದಲ ಉದ್ದೇಶ ಮುಂದೆ ಬರುವ ಸಾವಿರಾರು ರೋಗಿಗಳಿಗಾಗಿ ಒಂದು ಪ್ರಶ್ನೆಗೆ ಉತ್ತರ ಪಡೆಯುವುದು. ಟ್ರಯಲ್‌ಗೆ ಸೇರಿದ ಎಷ್ಟೋ ಜನ ‘ಇದೆಲ್ಲ ನನಗೋಸ್ಕರವೇ ಮಾಡುತ್ತಿದ್ದಾರೆ’ ಎಂದೇ ಭಾವಿಸುತ್ತಾರೆ. 1982ರಲ್ಲಿ ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಸಂಗಡಿಗರು ಇದನ್ನು ಗುರುತಿಸಿ ಇದಕ್ಕೊಂದು ಹೆಸರಿಟ್ಟರು. ಕನ್ನಡದಲ್ಲಿ ನಾನದನ್ನು ಚಿಕಿತ್ಸೆಯ ಭ್ರಮೆ ಎನ್ನುತ್ತೇನೆ. ತಮ್ಮ ತಂದೆಯವರ ಮಾತಿನಲ್ಲಿ ನನಗೆ ಕೇಳಿಸಿದ್ದು ಅದೇ.

ಈ ಭ್ರಮೆಯನ್ನು ಬೇಕೆಂದೇ ಬೆಳೆಸಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟಸ್ಕೀಗಿಯ ಪ್ರಕರಣವನ್ನು ನೆನೆಯಬೇಕು. 1932ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ಸುಮಾರು 600 ಬಡ ಕಪ್ಪುವರ್ಣೀಯ ಗಂಡಸರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅವರಲ್ಲಿ 399 ಜನರಿಗೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗವಿತ್ತು. ಅವರಿಗೆ ಆ ಹೆಸರನ್ನೇ ಹೇಳಲಿಲ್ಲ, ‘ರಕ್ತ ಕೆಟ್ಟಿದೆ’ ಎಂದರು. ರೋಗ ಎಲ್ಲಿಗೆ ಮುಟ್ಟಿದೆ ಎಂದು ನೋಡಲು ಬೆನ್ನಿನಿಂದ ನೀರು ತೆಗೆದಾಗ ಅದನ್ನು ವಿಶೇಷ ಉಚಿತ ಚಿಕಿತ್ಸೆ ಎಂದು ನಂಬಿಸಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದು ಸಿಫಿಲಿಸ್ ಗುಣವಾಗುವ ರೋಗವಾದ ಮೇಲೂ ಅವರಿಗೆ ಅದು ಸಿಗದಂತೆ ನೋಡಿಕೊಂಡರು. 1972ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲಷ್ಟೇ ಅದು ನಿಂತಿತು. ನಲವತ್ತು ವರ್ಷ ಆ ಮನುಷ್ಯರು ತಮ್ಮನ್ನು ನೋಡಿಕೊಳ್ಳುತ್ತಿದ್ದಾರೆಂದು ನಂಬಿ ಆ ವೈದ್ಯರ ಬಳಿಗೆ ಹೋಗಿಬಂದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದು ನಡೆಯುತ್ತಿದ್ದಾಗಲೇ ಇದನ್ನು ತಡೆಯಬೇಕಾಗಿದ್ದ ನಿಯಮಗಳೂ ಇದ್ದವು. ನಾಜಿ ವೈದ್ಯರ ವಿಚಾರಣೆಯ ತೀರ್ಪಿನ ಜೊತೆ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆಯ ಹತ್ತು ಅಂಶಗಳಲ್ಲಿ ಮೊದಲನೆಯದೇ ವ್ಯಕ್ತಿಯ ಸ್ವಇಚ್ಛೆಯ ಒಪ್ಪಿಗೆ. 1964ರಲ್ಲಿ ವಿಶ್ವ ವೈದ್ಯಕೀಯ ಸಂಘ, ಮನುಷ್ಯರ ಮೇಲಿನ ಸಂಶೋಧನೆಗೆ ನೀತಿ ನಿಯಮಗಳನ್ನು ಹೇಳುವ ಹೆಲ್ಸಿಂಕಿ ಘೋಷಣೆಯನ್ನು ಅಂಗೀಕರಿಸಿತು. ತಮ್ಮ ಅಳುಕಿಗೆ ಆ ಘೋಷಣೆಯಲ್ಲಿ ನೇರ ಉತ್ತರವಿದೆ. ಭಾಗವಹಿಸಲು ಒಪ್ಪದಿರುವುದಾಗಲಿ, ನಡುವೆ ಬಿಟ್ಟು ಬರುವುದಾಗಲಿ ವೈದ್ಯ ಮತ್ತು ರೋಗಿಯ ಸಂಬಂಧವನ್ನು ಕೆಡಿಸಬಾರದು. ರೋಗಿ ಆ ವೈದ್ಯರನ್ನೇ ಅವಲಂಬಿಸಿದ್ದರೆ, ಒಪ್ಪಿಗೆ ಕೇಳುವ ಕೆಲಸವನ್ನು ಆ ಸಂಬಂಧದ ಹೊರಗಿನ ಅರ್ಹ ವ್ಯಕ್ತಿ ಮಾಡಬೇಕು. ಆದ್ದರಿಂದ ‘ಇದನ್ನು ವಿವರಿಸಲು ಬೇರೊಬ್ಬರನ್ನು ಗೊತ್ತುಮಾಡಿ’ ಎಂದು ಕೇಳುವುದು ಅವಿಧೇಯತೆಯಲ್ಲ. ಒಳ್ಳೆಯ ವೈದ್ಯರಿಗೆ ಅದರಿಂದ ನೆಮ್ಮದಿಯೇ ಆಗುತ್ತದೆ.

ಇನ್ನು ಆ ಇಪ್ಪತ್ತೆರಡು ಪುಟಗಳು. ನಾನು ಕೆಲವು ವರ್ಷ ಒಂದು ಆಸ್ಪತ್ರೆಯ ನೀತಿ ಸಮಿತಿಯಲ್ಲಿ, ಅಂದರೆ ಸಂಶೋಧನೆ ನೈತಿಕವಾಗಿ ಸರಿಯಿದೆಯೇ ಎಂದು ಪರಿಶೀಲಿಸುವ ಸಮಿತಿಯಲ್ಲಿ, ಕುಳಿತಿದ್ದೆ. ಅಂಥ ಸಮಿತಿಗಳಲ್ಲಿ ವೈದ್ಯರಲ್ಲದ ಸದಸ್ಯರೂ ಇರುತ್ತಾರೆ. ನಮ್ಮಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದರು. ಒಂದು ಒಪ್ಪಿಗೆ ಪತ್ರದಲ್ಲಿ ‘ಪ್ರತಿ ಭೇಟಿಯಲ್ಲಿ 20 ಮಿಲಿಲೀಟರ್ ರಕ್ತ ತೆಗೆಯಲಾಗುವುದು’ ಎಂದಿತ್ತು. ಅವರು ಕನ್ನಡಕ ಮೇಲೇರಿಸಿ, ‘ಅಂದರೆ ಎಷ್ಟು ಚಮಚ?’ ಎಂದರು. ವೈದ್ಯರು ತುಂಬಿದ್ದ ಆ ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ನಾಲ್ಕು ಟೀ ಚಮಚ. ಆ ಪತ್ರ ಹಾಗೆಯೇ ತಿದ್ದಿ ಬರೆಯಲ್ಪಟ್ಟಿತು. ತಾವೂ ಅದೇ ಧೈರ್ಯದಿಂದ ಕೇಳಿ: ಇದು ಮನುಷ್ಯರಿಗೆ ಮೊದಲ ಸಲ ಕೊಡುತ್ತಿರುವ ಔಷಧಿಯೇ, ಅಥವಾ ಈಗಾಗಲೇ ನೂರಾರು ಜನ ತೆಗೆದುಕೊಂಡದ್ದೇ? ಟ್ರಯಲ್‌ಗೆ ಸೇರದಿದ್ದರೆ ಇರುವ ಚಿಕಿತ್ಸೆ ಯಾವುದು? ಈಗಿನ ಮಾತ್ರೆಗಳಲ್ಲಿ ಯಾವುದನ್ನಾದರೂ ನಿಲ್ಲಿಸಬೇಕೇ? ತೊಂದರೆಯಾದರೆ ಖರ್ಚು ಯಾರದು, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು? ಟ್ರಯಲ್ ಮುಗಿದ ಮೇಲೆ ಔಷಧಿ ಸಿಗುತ್ತದೆಯೇ? ಉತ್ತರ ಕೇಳಿದ ಮೇಲೆ ತಂದೆಯವರು ತಮ್ಮದೇ ಮಾತಿನಲ್ಲಿ ಅದನ್ನು ತಿರುಗಿ ಹೇಳಲಿ. ಹೇಳಲು ಬಂದರೆ ಅವರಿಗೆ ಅರ್ಥವಾಗಿದೆ. ಬರದಿದ್ದರೆ ಸಹಿ ಹಾಕುವ ದಿನ ಇನ್ನೂ ಬಂದಿಲ್ಲ. ಕಾಗದವನ್ನು ಮನೆಗೆ ತಂದು ನಾಲ್ಕು ದಿನ ಇಟ್ಟುಕೊಳ್ಳಲು ಕೇಳಿದರೆ ಯಾವ ಟ್ರಯಲ್ಲೂ ಕೆಡುವುದಿಲ್ಲ.

ಪ್ರಶ್ನೆ: ಸಂಶೋಧನೆಗಳಲ್ಲಿ ಅರ್ಧ ಜನರಿಗೆ ಔಷಧಿಯೇ ಇಲ್ಲದ ಪ್ಲಸೀಬೊ ಮಾತ್ರೆ ಕೊಡುತ್ತಾರಂತೆ. ಕಾಯಿಲೆ ಬಿದ್ದವರಿಗೆ ಬರಿಯ ಹಿಟ್ಟಿನ ಗುಳಿಗೆ ಕೊಟ್ಟು ನೋಡುತ್ತಾ ಕೂರುವುದು ವಂಚನೆಯಲ್ಲವೇ?

ಉತ್ತರ: ಹೇಳದೆ ಕೊಟ್ಟರೆ ವಂಚನೆ. ‘ನಿಮಗೆ ಔಷಧಿ ಬರಬಹುದು, ಬರಿಯ ಮಾತ್ರೆಯೂ ಬರಬಹುದು, ಯಾವುದೆಂದು ನಿಮಗಾಗಲಿ ನನಗಾಗಲಿ ಗೊತ್ತಿರುವುದಿಲ್ಲ’ ಎಂದು ಮೊದಲೇ ಹೇಳಿ, ವ್ಯಕ್ತಿ ಒಪ್ಪಿದ ಮೇಲೆ ಕೊಟ್ಟರೆ ವಂಚನೆಯಾಗದು. ಆದರೂ ತಮ್ಮ ಪ್ರಶ್ನೆಯ ಒಳಗೆ ಇನ್ನೊಂದು ನಂಬಿಕೆ ಇದೆ. ಹೊಸ ಔಷಧಿ ಸಿಕ್ಕವರು ಅದೃಷ್ಟವಂತರು, ಪ್ಲಸೀಬೊ ಸಿಕ್ಕವರು ವಂಚಿತರು ಎಂಬುದು ಆ ನಂಬಿಕೆ. ಅದು ಯಾವಾಗಲೂ ನಿಜವಲ್ಲ ಎಂಬುದನ್ನು ವೈದ್ಯಲೋಕ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ.

ಹೃದಯಾಘಾತವಾಗಿ ಚೇತರಿಸಿಕೊಂಡ ಕೆಲವರಲ್ಲಿ ಹೃದಯ ಆಗಾಗ ತಾಳ ತಪ್ಪಿ ಬಡಿಯುತ್ತದೆ. ಹಾಗೆ ತಾಳ ತಪ್ಪುವವರು ಮುಂದೆ ಸಾಯುವ ಸಂಭವ ಹೆಚ್ಚು ಎಂಬುದು ತಿಳಿದಿತ್ತು. ತಾಳವನ್ನು ಸರಿಪಡಿಸುವ ಔಷಧಿಗಳೂ ಇದ್ದವು, ಇಸಿಜಿಯಲ್ಲಿ ಅವುಗಳ ಪರಿಣಾಮ ಕಣ್ಣಿಗೆ ಕಾಣುವಂತಿತ್ತು. ಹಾಗಾದರೆ ಅವು ಪ್ರಾಣ ಉಳಿಸಲೇಬೇಕು ಎಂದು ಎಲ್ಲರೂ ನಂಬಿದ್ದರು, ಎಷ್ಟೋ ವೈದ್ಯರು ಬರೆದುಕೊಡುತ್ತಲೂ ಇದ್ದರು. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಲು ಹೊರಟಾಗ ಪ್ಲಸೀಬೊ ಕೊಡುವುದೇ ಅನೈತಿಕ ಎಂದು ಆಕ್ಷೇಪಿಸಿದ ವೈದ್ಯರೂ ಇದ್ದರು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಎರಡು ಔಷಧಿಗಳ ಪರೀಕ್ಷೆಯನ್ನು 1989ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಂತಿಮ ವರದಿಯ ಪ್ರಕಾರ ಔಷಧಿ ತೆಗೆದುಕೊಂಡ 755 ಜನರಲ್ಲಿ 63 ಮಂದಿ ಸತ್ತಿದ್ದರು. ಪ್ಲಸೀಬೊ ತೆಗೆದುಕೊಂಡ 743 ಜನರಲ್ಲಿ ಸತ್ತವರು 26. ಇಸಿಜಿಯ ಗೆರೆ ಚೆನ್ನಾಗಿತ್ತು, ಮನುಷ್ಯರು ಉಳಿಯಲಿಲ್ಲ. ಆ ಪ್ಲಸೀಬೊ ಗುಂಪು ಇಲ್ಲದಿದ್ದರೆ ಸತ್ತವರೆಲ್ಲ ಹೃದಯಾಘಾತದಿಂದಲೇ ಸತ್ತರೆಂದು ತಿಳಿದು, ಆ ಮಾತ್ರೆಗಳನ್ನು ಇನ್ನೆಷ್ಟು ವರ್ಷ ಕೊಡುತ್ತಿದ್ದರೋ.

ಆದ್ದರಿಂದ ನೈತಿಕ ಪ್ರಶ್ನೆಯನ್ನು ಹೀಗೆ ಕೇಳಬೇಕು: ಎರಡರಲ್ಲಿ ಯಾವುದು ಮೇಲು ಎಂಬುದು ಬಲ್ಲವರ ವಲಯದಲ್ಲಿ ಪ್ರಾಮಾಣಿಕವಾಗಿ ಇತ್ಯರ್ಥವಾಗಿಲ್ಲವೇ? ಇತ್ಯರ್ಥವಾಗಿಲ್ಲದಿದ್ದರೆ ಹೋಲಿಸಿ ನೋಡುವುದು ತಪ್ಪಲ್ಲ. ನೋಡದೆ ಕೊಡುತ್ತಾ ಹೋಗುವುದೇ ತಪ್ಪು. ಪರಿಣಾಮಕಾರಿ ಎಂದು ಸಾಬೀತಾದ ಚಿಕಿತ್ಸೆ ಆಗಲೇ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಆಗ ಹೊಸದನ್ನು ಹೋಲಿಸಬೇಕಾದದ್ದು ಆ ಚಿಕಿತ್ಸೆಯೊಡನೆ. ಅಂಥ ಹೊತ್ತಿನಲ್ಲಿ ಪ್ಲಸೀಬೊ ಬಳಸಲು ಬಲವಾದ ವೈಜ್ಞಾನಿಕ ಕಾರಣ ಇರಬೇಕು, ಮತ್ತು ಚಿಕಿತ್ಸೆ ತಪ್ಪಿದವರಿಗೆ ಗಂಭೀರವಾದ ಅಥವಾ ಸರಿಪಡಿಸಲಾಗದ ಹಾನಿ ಆಗಬಾರದು ಎಂಬುದು ಹೆಲ್ಸಿಂಕಿ ಘೋಷಣೆಯ ನಿಲುವು.

ಈ ಗೆರೆ ಎಲ್ಲಿದೆ ಎಂಬುದರ ಬಗ್ಗೆ ದೊಡ್ಡ ಜಗಳವೇ ನಡೆದಿದೆ. ಎಚ್‌ಐವಿ ಇರುವ ಗರ್ಭಿಣಿಗೆ ಎಜೆಡ್‌ಟಿ ಎಂಬ ಔಷಧಿ ಕೊಟ್ಟರೆ ಮಗುವಿಗೆ ಸೋಂಕು ತಗಲುವುದು ಮೂರರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ ಎಂದು 1994ರಲ್ಲಿ ಗೊತ್ತಾಯಿತು. ಆದರೆ ಆ ಚಿಕಿತ್ಸೆ ಬಡ ದೇಶಗಳಿಗೆ ತೀರಾ ದುಬಾರಿಯಾಗಿತ್ತು. ಕಡಿಮೆ ದಿನ, ಕಡಿಮೆ ಖರ್ಚಿನಲ್ಲಿ ಆದೀತೇ ಎಂದು ನೋಡಲು ಆಫ್ರಿಕ ಮತ್ತು ಏಷ್ಯದ ಕೆಲವು ದೇಶಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಒಂದು ಗುಂಪಿನ ಗರ್ಭಿಣಿಯರಿಗೆ ಪ್ಲಸೀಬೊ ಕೊಟ್ಟರು. 1997ರಲ್ಲಿ ಇದಕ್ಕೆ ತೀವ್ರ ವಿರೋಧ ಬಂತು. ಸಮರ್ಥಿಸಿದವರು, ಆ ತಾಯಂದಿರಿಗೆ ಹೇಗೂ ಏನೂ ಸಿಗುತ್ತಿರಲಿಲ್ಲ, ಬೇಗ ಉತ್ತರ ಸಿಕ್ಕರೆ ಲಕ್ಷಾಂತರ ಮಕ್ಕಳು ಉಳಿದಾರು ಎಂದರು. ಥಾಯ್ಲೆಂಡ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಅಲ್ಪಾವಧಿಯ ಚಿಕಿತ್ಸೆಯಿಂದ ಸೋಂಕು ಅರ್ಧದಷ್ಟು ಇಳಿದದ್ದೂ ನಿಜ. ನಾನು ಬಹಳ ಕಾಲ ಯೋಚಿಸಿ ವಿರೋಧಿಸಿದವರ ಕಡೆಗೇ ನಿಂತಿದ್ದೇನೆ. ‘ಅವರಿಗೆ ಹೇಗೂ ಸಿಗುತ್ತಿರಲಿಲ್ಲ’ ಎಂಬ ಮಾತನ್ನು ಒಪ್ಪಿಕೊಂಡರೆ, ಬಡತನವೇ ಸಂಶೋಧಕರಿಗೆ ಒಂದು ಅನುಕೂಲವಾಗಿಬಿಡುತ್ತದೆ. ಇದನ್ನು ಒಪ್ಪದ, ನಾನು ಗೌರವಿಸುವ ವೈದ್ಯಮಿತ್ರರಿದ್ದಾರೆ ಎಂಬುದನ್ನೂ ಓದುಗರಿಗೆ ಹೇಳಬೇಕು.

ಪ್ರಶ್ನೆ: ಆರೋಗ್ಯವಂತ ಯುವಕರು ದುಡ್ಡಿಗಾಗಿ ಔಷಧಿ ಪರೀಕ್ಷೆಗೆ ಸೇರುವುದು ಸರಿಯೇ?

ಉತ್ತರ: ಸಮಯ ಮತ್ತು ತೊಂದರೆಗೆ ತಕ್ಕ ಹಣ ಕೊಡುವುದು ನ್ಯಾಯ. ಆಪತ್ತು ಹೆಚ್ಚಿದಷ್ಟೂ ಹಣ ಹೆಚ್ಚಿಸಿ ಅದನ್ನು ಕಾಣದಂತೆ ಮಾಡುವುದು ತಪ್ಪು. 2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಪರೀಕ್ಷಾ ಘಟಕವೊಂದರಲ್ಲಿ ಟಿಜಿಎನ್1412 ಎಂಬ ಔಷಧಿಯನ್ನು ಮನುಷ್ಯರಿಗೆ ಮೊದಲ ಸಲ ಕೊಟ್ಟರು. ಎಂಟು ಯುವಕರಲ್ಲಿ ಇಬ್ಬರಿಗೆ ಪ್ಲಸೀಬೊ, ಆರು ಮಂದಿಗೆ ಔಷಧಿ. ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡ ಡೋಸ್‌ನ 500ರಲ್ಲಿ ಒಂದು ಪಾಲು ಮಾತ್ರ ಕೊಟ್ಟಿದ್ದರೂ, ಆ ಆರೂ ಜನರ ಅಂಗಾಂಗಗಳು ಕೆಲವೇ ಗಂಟೆಗಳಲ್ಲಿ ಸೋಲತೊಡಗಿ ಅವರನ್ನು ಐಸಿಯುಗೆ ಸೇರಿಸಬೇಕಾಯಿತು. ಆರೂ ಜನ ಬದುಕಿಕೊಂಡರು. ನನ್ನನ್ನು ಹೆಚ್ಚು ಕಾಡುವುದು ಹಣದ ವಿಷಯಕ್ಕಿಂತ ಇದು: ಮೊದಲನೆಯವನಿಗೆ ಔಷಧಿ ಕೊಟ್ಟು ಏನಾಗುತ್ತದೆಂದು ಕಾದು ನೋಡದೆ, ಹತ್ತು ನಿಮಿಷಗಳ ಅಂತರದಲ್ಲಿ ಎಲ್ಲರಿಗೂ ಕೊಡುತ್ತಾ ಹೋದರು. ಮೊದಲು ಒಬ್ಬರಿಗೆ ಕೊಟ್ಟು ಕಾಯಬೇಕು ಎಂಬ ಸೂಚನೆ ಆ ಮೇಲೆ ನಿಯಮಗಳಲ್ಲಿ ಸೇರಿತು. ‘ಮೊದಲು ಒಬ್ಬರಿಗೆ ಕೊಟ್ಟು ಕಾಯುತ್ತೀರಾ?’ ಎಂಬ ಈ ಒಂದು ಪ್ರಶ್ನೆಯನ್ನು ಸೇರುವವರು ತಪ್ಪದೆ ಕೇಳಬೇಕು.

ಪ್ರಶ್ನೆ: ನಮ್ಮ ತಾಯಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗಿದೆ. ಅವರು ಬಹಳ ಮೃದು ಮನಸ್ಸಿನವರು, ತಿಳಿದರೆ ಎದೆಗುಂದುತ್ತಾರೆ. ‘ಅಲ್ಸರ್’ ಎಂದು ಹೇಳಿಬಿಡಿ ಎಂದು ನಾವು ಮಕ್ಕಳೆಲ್ಲ ವೈದ್ಯರನ್ನು ಬೇಡಿಕೊಂಡೆವು. ಅವರು ಒಪ್ಪುತ್ತಿಲ್ಲ. ಮಕ್ಕಳಾದ ನಮಗೆ ಆ ಹಕ್ಕಿಲ್ಲವೇ?

ಉತ್ತರ: ತಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿರುವುದು ಪ್ರೀತಿ ಮಾತ್ರ, ಆದ್ದರಿಂದ ನಾನು ಹೇಳುವುದನ್ನು ಕಟುವೆಂದು ತಿಳಿಯಬೇಡಿ. ಸುದ್ದಿ ತಾಯಿಯವರದು. ತಾವು ಅದನ್ನು ಅವರಿಗಿಂತ ಮೊದಲು ಕೇಳಿಸಿಕೊಂಡಿದ್ದೀರಿ, ಅಷ್ಟೇ.

ವೈದ್ಯರು ಹಿಂದೆ ಹೀಗಿರಲಿಲ್ಲ. 1961ರಲ್ಲಿ ಅಮೆರಿಕದ 219 ವೈದ್ಯರನ್ನು ಕೇಳಿದಾಗ ನೂರಕ್ಕೆ 90ರಷ್ಟು ಮಂದಿ ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ತಮ್ಮ ರೂಢಿ ಎಂದಿದ್ದರು. 1979ರ ಹೊತ್ತಿಗೆ ಅದೇ ಬಗೆಯ ಪ್ರಶ್ನೆಗೆ ನೂರಕ್ಕೆ 97 ವೈದ್ಯರು ಹೇಳುತ್ತೇವೆ ಎಂದರು. ಹದಿನೆಂಟು ವರ್ಷಗಳಲ್ಲಿ ರೋಗಿಗಳ ಮನಸ್ಸು ಗಟ್ಟಿಯಾಯಿತೆಂದಲ್ಲ. ಚಿಕಿತ್ಸೆಗಳು ಬಂದವು, ಆಯ್ಕೆಗಳು ಬಂದವು, ಮತ್ತು ಆಯ್ಕೆ ಮಾಡಬೇಕಾದವರಿಗೆ ಕಾಯಿಲೆಯ ಹೆಸರೇ ಗೊತ್ತಿರದಿದ್ದರೆ ಆಯ್ಕೆ ಎಂಬ ಮಾತಿಗೆ ಅರ್ಥ ಉಳಿಯಲಿಲ್ಲ. ತಾಯಿಯವರಿಗೆ ‘ಅಲ್ಸರ್’ ಎಂದು ಹೇಳಿದರೆ ನಾಳೆ ಕೀಮೊಥೆರಪಿಗೆ ಏನೆಂದು ಹೇಳುತ್ತೀರಿ? ಕೂದಲು ಉದುರಿದಾಗ? ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ಮಾತಿಗೆ ಎಳೆದಾಗ?

ನಾನು ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾಗ ಹೀಗೆಯೇ ಒಬ್ಬ ತಾಯಿ ಇದ್ದರು. ಮಕ್ಕಳು ಬಾಗಿಲ ಹೊರಗೆ ನಿಂತು ದನಿ ತಗ್ಗಿಸಿ ಮಾತನಾಡಿ, ಮುಖ ಒರೆಸಿಕೊಂಡು, ನಗುತ್ತಾ ಒಳಗೆ ಬರುತ್ತಿದ್ದರು. ಒಂದು ಬೆಳಗ್ಗೆ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದ ನರ್ಸ್‌ಗೆ ಆ ತಾಯಿ ಹೇಳಿದರಂತೆ: ‘ಸಿಸ್ಟರ್, ನನಗೆ ಗೊತ್ತಾಗಿದೆ ಅಂತ ನನ್ನ ಮಕ್ಕಳಿಗೆ ಹೇಳಬೇಡಿ. ಪಾಪ, ತುಂಬ ನೊಂದುಕೊಳ್ಳುತ್ತಾರೆ.’ ಎರಡು ಕಡೆಯವರೂ ಒಬ್ಬರನ್ನೊಬ್ಬರು ಕಾಪಾಡುತ್ತಾ, ಒಂದೇ ಕೋಣೆಯಲ್ಲಿ ಒಂಟಿಯಾಗಿದ್ದರು. ಆ ತಾಯಿಗೆ ತನ್ನ ಭಯವನ್ನು ಹೇಳಿಕೊಳ್ಳಲು ಸಿಕ್ಕಿದ್ದು ಡ್ಯೂಟಿಯಲ್ಲಿದ್ದ ಒಬ್ಬ ನರ್ಸ್ ಮಾತ್ರ.

ಹಾಗೆಂದು, ತಾಯಿಯವರ ಮುಂದೆ ಕುಳಿತು ಎಲ್ಲವನ್ನೂ ಒಂದೇ ಉಸಿರಿಗೆ ಸುರಿಯಬೇಕೆಂದು ನಾನು ಹೇಳುತ್ತಿಲ್ಲ. ತಿಳಿಯುವ ಹಕ್ಕಿರುವವರಿಗೆ ತಿಳಿಯದೆ ಇರುವ ಹಕ್ಕೂ ಇದೆ. ಆದರೆ ಆ ಹಕ್ಕನ್ನು ಅವರೇ ಬಳಸಬೇಕು. ವೈದ್ಯರು ಮೊದಲು, ‘ಪರೀಕ್ಷೆಯ ಫಲಿತಾಂಶ ಬಂದಿದೆ. ಎಲ್ಲವನ್ನೂ ನೀವೇ ಕೇಳಲು ಇಷ್ಟಪಡುತ್ತೀರಾ, ಇಲ್ಲವೇ ಮಗಳೊಡನೆ ಮಾತನಾಡಲೇ?’ ಎಂದು ಕೇಳಬಹುದು. ‘ಮಗಳಿಗೆ ಹೇಳಿ, ಅವಳು ನೋಡಿಕೊಳ್ಳುತ್ತಾಳೆ’ ಎಂದು ತಾಯಿಯವರು ಹೇಳಿದರೆ ಅದೇ ಅವರ ತೀರ್ಮಾನ, ವೈದ್ಯರು ಅದಕ್ಕೆ ತಲೆಬಾಗಬೇಕು. ಕೇಳಲು ಇಷ್ಟಪಟ್ಟರೆ, ಅವರು ಕೇಳಿದಷ್ಟನ್ನು, ಕೇಳಿದ ವೇಗದಲ್ಲಿ, ತಾವು ಪಕ್ಕದಲ್ಲಿ ಕೈ ಹಿಡಿದು ಕುಳಿತಿರುವಾಗ ಹೇಳಬೇಕು. ಮುಂದೆ ಏನು ಮಾಡಬಹುದು ಎಂಬುದನ್ನು ಅದೇ ಮಾತುಕತೆಯಲ್ಲಿ ಹೇಳಬೇಕು. ‘ಅಲ್ಸರ್’ ಎಂದು ಸುಳ್ಳು ಹೇಳಲು ವೈದ್ಯರನ್ನು ಒತ್ತಾಯಿಸುವುದಕ್ಕಿಂತ, ಈ ಮಾತುಕತೆ ಚೆನ್ನಾಗಿ ನಡೆಯುವಂತೆ ಅವರೊಡನೆ ಸೇರಿ ಯೋಚಿಸಿ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ನನ್ನ ಗಡ್ಡೆಯನ್ನು ‘ಮುಂದಿನ ಸಂಶೋಧನೆಗೆ’ ಇಟ್ಟುಕೊಳ್ಳಲು ಅನುಮತಿ ಕೇಳುವ ಸಾಲೊಂದು ಕಾಗದದಲ್ಲಿತ್ತು. ಹೇಗೂ ಎಸೆಯುವ ವಸ್ತುವಿಗೆ ಅನುಮತಿ ಏಕೆ?

ಉತ್ತರ: ಹೆನ್ರಿಯೆಟಾ ಲ್ಯಾಕ್ಸ್ ಅವರ ಕಾರಣದಿಂದ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಆಕೆಯ ಗಡ್ಡೆಯ ಚೂರನ್ನು ಕೇಳದೆಯೇ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದರು. ಅದುವರೆಗೆ ಮನುಷ್ಯರ ಜೀವಕೋಶಗಳು ಹೊರಗೆ ಕೆಲವು ದಿನಗಳಲ್ಲಿ ಸಾಯುತ್ತಿದ್ದವು. ಆಕೆಯವು ದ್ವಿಗುಣವಾಗುತ್ತಲೇ ಹೋದವು. ಆಕೆ ಅದೇ ವರ್ಷ ಅಕ್ಟೋಬರ್‌ನಲ್ಲಿ, 31ನೇ ವಯಸ್ಸಿನಲ್ಲಿ ತೀರಿಕೊಂಡರು. ‘ಹೀಲಾ’ ಎಂಬ ಹೆಸರಿನಲ್ಲಿ ಆ ಜೀವಕೋಶಗಳು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹೋದವು, ಪೋಲಿಯೊ ಲಸಿಕೆಯ ಪರೀಕ್ಷೆಗೂ ನೆರವಾದವು. ಮನೆಯವರಿಗೆ ಇದು ಗೊತ್ತಾದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. 2013ರಲ್ಲಿ ಸಂಶೋಧಕರು ಆ ಜೀವಕೋಶಗಳ ಇಡೀ ಜೀನೋಮ್ ಅನ್ನು, ಅಂದರೆ ಡಿಎನ್ಎಯ ಪೂರ್ಣ ಬರಹವನ್ನು, ಮನೆಯವರನ್ನು ಕೇಳದೆ ಪ್ರಕಟಿಸಿದರು.

ಆ ಕೊನೆಯ ಸಂಗತಿಯಲ್ಲೇ ತಮ್ಮ ಪ್ರಶ್ನೆಗೆ ಉತ್ತರವಿದೆ. ಗಡ್ಡೆಯ ಚೂರು ಎಸೆಯುವ ವಸ್ತುವಾದರೂ ಅದರೊಳಗಿನ ಡಿಎನ್ಎ ತಮ್ಮದು, ತಮ್ಮ ಮಕ್ಕಳದೂ ಹೌದು. ಹೆಸರು ಅಳಿಸಿದರೂ ಗುರುತು ಪೂರ್ತಿ ಅಳಿಯುವುದಿಲ್ಲ. ಹಣದ ಮಾತೂ ಇದೆ. ಜಾನ್ ಮೂರ್ ಎಂಬವರ ಗುಲ್ಮದಿಂದ ವೈದ್ಯರು ಜೀವಕೋಶಗಳನ್ನು ಬೆಳೆಸಿ ಪೇಟೆಂಟ್ ಪಡೆದ ಪ್ರಕರಣದಲ್ಲಿ, ಹೊರತೆಗೆದ ಅಂಗಾಂಶದ ಮೇಲೆ ರೋಗಿಗೆ ಒಡೆತನವಿಲ್ಲ, ಆದರೆ ತನ್ನ ಹಣಕಾಸಿನ ಹಿತವನ್ನು ವೈದ್ಯ ರೋಗಿಗೆ ಮೊದಲೇ ಹೇಳಬೇಕಿತ್ತು ಎಂದು 1990ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ನನ್ನ ವೈಯಕ್ತಿಕ ಸಲಹೆ ಕೇಳುವುದಾದರೆ, ಒಪ್ಪಿಗೆ ಕೊಡಿ. ಯಾರ ಬಳಿ ಇರುತ್ತದೆ, ಕಂಪನಿಗಳಿಗೆ ಹೋಗುತ್ತದೆಯೇ, ಬೇಡವೆನಿಸಿದಾಗ ಹಿಂಪಡೆಯಬಹುದೇ ಎಂಬ ಮೂರನ್ನು ಕೇಳಿ ಕೊಡಿ.

ಪ್ರಶ್ನೆ: ನನ್ನ ಅಣ್ಣನಿಗೆ ಮೆದುಳಿಗೆ ತೀವ್ರ ಪೆಟ್ಟಾಗಿ ವೆಂಟಿಲೇಟರ್ ಮೇಲಿದ್ದಾರೆ. ಚೇತರಿಸಿಕೊಳ್ಳುವ ಆಸೆ ಇಲ್ಲವೆಂದು ವೈದ್ಯರು ಹೇಳುತ್ತಿದ್ದಾರೆ. ಹಾಕದೇ ಇದ್ದಿದ್ದರೆ ಬೇರೆ, ಹಾಕಿದ ಮೇಲೆ ತೆಗೆಸಿದರೆ ನಾವೇ ಕೊಂದಂತೆ ಆಗುವುದಿಲ್ಲವೇ?

ಉತ್ತರ: ಮೊದಲು ಒಂದು ವಿಷಯವನ್ನು ವೈದ್ಯರಿಂದ ಸ್ಪಷ್ಟವಾಗಿ ಕೇಳಿಕೊಳ್ಳಿ. ಅಣ್ಣನವರ ಮೆದುಳು ಸಂಪೂರ್ಣ ನಿಂತುಹೋಗಿದೆಯೇ, ಅಥವಾ ತೀವ್ರವಾಗಿ ಹಾನಿಗೊಂಡಿದೆಯೇ? ಮೊದಲನೆಯದು ಮೆದುಳಿನ ಸಾವು. ನಿಗದಿತ ಪರೀಕ್ಷೆಗಳಿಂದ ಅದು ಖಚಿತವಾಗಿದ್ದರೆ ವ್ಯಕ್ತಿ ತೀರಿಕೊಂಡಿದ್ದಾರೆ ಎಂದೇ ಬಹಳಷ್ಟು ದೇಶಗಳ ಕಾನೂನು ಹೇಳುತ್ತದೆ; ಎದೆ ಏರಿಳಿಯುತ್ತಿರುವುದು ಯಂತ್ರದಿಂದ. ಎರಡನೆಯದು ಹಾಗಲ್ಲ, ಅಲ್ಲಿ ವ್ಯಕ್ತಿ ಜೀವಂತವಿದ್ದಾರೆ. ತಮ್ಮ ಪತ್ರದಿಂದ ನನಗೆ ತಿಳಿದಂತೆ ಇದು ಎರಡನೆಯದು.

ಹಾಗಿದ್ದರೂ, ಹಾಕದಿರುವುದಕ್ಕೂ ಹಾಕಿ ತೆಗೆಯುವುದಕ್ಕೂ ನೀತಿಯ ದೃಷ್ಟಿಯಿಂದ ವ್ಯತ್ಯಾಸವಿಲ್ಲ ಎಂಬುದು ವೈದ್ಯಕೀಯ ನೀತಿಶಾಸ್ತ್ರದಲ್ಲಿ ಬಹುಪಾಲು ಜನರ ಅಭಿಪ್ರಾಯ, ನನ್ನದೂ ಅದೇ. ಮನಸ್ಸಿಗೆ ಹಾಗೆ ಅನಿಸುವುದಿಲ್ಲ ಎಂಬುದನ್ನು ಬಲ್ಲೆ. ಆದರೆ ಯೋಚಿಸಿ: ಹಾಕಿದ್ದನ್ನು ಎಂದೂ ತೆಗೆಯಬಾರದು ಎಂಬ ನಿಯಮವಿದ್ದರೆ, ಸಂಶಯವಿರುವ ರೋಗಿಗಳಿಗೆ ವೆಂಟಿಲೇಟರ್ ಹಾಕಲು ವೈದ್ಯರೂ ಮನೆಯವರೂ ಹಿಂಜರಿಯುತ್ತಾರೆ, ಉಳಿಯಬಹುದಾಗಿದ್ದ ಕೆಲವರು ಉಳಿಯದೆ ಹೋಗುತ್ತಾರೆ. ಅಣ್ಣನವರಿಗೆ ಒಂದು ಅವಕಾಶ ಕೊಟ್ಟು ನೋಡಲೆಂದೇ ಅದನ್ನು ಹಾಕಿದ್ದು. ಆ ಪ್ರಯತ್ನ ಫಲಿಸಲಿಲ್ಲವೆಂದು ನಿಲ್ಲಿಸಿದರೆ ಸಾವಿಗೆ ಕಾರಣ ತಲೆಗೆ ಬಿದ್ದ ಪೆಟ್ಟು.

1975ರಲ್ಲಿ ಅಮೆರಿಕದ ಕ್ಯಾರೆನ್ ಆನ್ ಕ್ವಿನ್ಲನ್ ಎಂಬ 21 ವರ್ಷದ ಯುವತಿ ಪ್ರಜ್ಞೆ ಕಳೆದುಕೊಂಡಾಗ ಆಕೆಯ ತಂದೆತಾಯಿ ಇದೇ ಪ್ರಶ್ನೆಯನ್ನು ಹೊತ್ತು ನ್ಯಾಯಾಲಯಕ್ಕೆ ಹೋದರು. 1976ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಯಂತ್ರ ತೆಗೆದ ಮೇಲೆ ಆಕೆ ತಾನೇ ಉಸಿರಾಡಿದರು, 1985ರವರೆಗೂ ಪ್ರಜ್ಞೆಯಿಲ್ಲದೆ ಬದುಕಿದ್ದರು. ಆ ತಂದೆತಾಯಿ ಕೊಳವೆಯ ಮೂಲಕ ಕೊಡುವ ಆಹಾರವನ್ನು ನಿಲ್ಲಿಸಲು ಕೇಳಲಿಲ್ಲ. ಮಗಳನ್ನು ಸಾಯಿಸಬೇಕೆಂಬುದು ಅವರ ಬೇಡಿಕೆಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತಮ್ಮ ಮುಂದಿರುವ ಪ್ರಶ್ನೆಯನ್ನು ‘ನಮಗೆ ಏನು ಬೇಕು’ ಎಂದು ಕೇಳಿಕೊಳ್ಳಬೇಡಿ, ಅದಕ್ಕೆ ಉತ್ತರವೇ ಸಿಗುವುದಿಲ್ಲ. ಅಣ್ಣನವರು ಇಲ್ಲಿ ಎದ್ದು ಕುಳಿತು ತಮ್ಮ ಸ್ಥಿತಿಯನ್ನು ತಾವೇ ನೋಡುವಂತಿದ್ದರೆ ಏನು ಹೇಳುತ್ತಿದ್ದರು? ಯಾರಾದರೂ ತೀರಿಕೊಂಡಾಗ, ಇಂಥದೇ ಸುದ್ದಿ ಓದಿದಾಗ ಅವರ ಬಾಯಿಂದ ಏನಾದರೂ ಮಾತು ಬಂದಿತ್ತೇ? ಅತ್ತಿಗೆಯವರನ್ನು, ಅವರ ಗೆಳೆಯರನ್ನು ಕೇಳಿ. ಇದಕ್ಕಾಗಿಯೇ ಎಲ್ಲರೂ ಆರೋಗ್ಯವಾಗಿದ್ದಾಗ, ಇಂಥ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ತಿಳಿಸುವ ಒಂದು ಮುಂಗಡ ಇಚ್ಛಾಪತ್ರ ಬರೆದಿಡುವುದು ಒಳ್ಳೆಯದು. ಕಾನೂನಿನ ವಿಧಿಗಳು ದೇಶದಿಂದ ದೇಶಕ್ಕೆ ಬೇರೆ ಬೇರೆ. ಅದನ್ನು ಆಸ್ಪತ್ರೆಯಿಂದ ತಿಳಿದುಕೊಳ್ಳಿ. ಯಂತ್ರ ತೆಗೆದರೂ ಆರೈಕೆ ನಿಲ್ಲುವುದಿಲ್ಲ. ನೋವು, ಉಸಿರುಗಟ್ಟುವಿಕೆ ಆಗದಂತೆ ಔಷಧಿ ಕೊಡುತ್ತಾರೆ. ಕೊಡುತ್ತೀರಾ ಎಂದು ಬಾಯಿಬಿಟ್ಟು ಕೇಳಿ, ಮತ್ತು ಆ ಹೊತ್ತಿನಲ್ಲಿ ಪಕ್ಕದಲ್ಲಿರಲು ಅವಕಾಶ ಕೇಳಿ.

ಪ್ರಶ್ನೆ: ರೋಗಿಗಳಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಈಗ ಕಂಪ್ಯೂಟರ್ ನಿರ್ಧರಿಸುತ್ತದಂತೆ. ಮನುಷ್ಯರ ಪಕ್ಷಪಾತ ಅದಕ್ಕಿರುವುದಿಲ್ಲ, ಒಳ್ಳೆಯದೇ ಅಲ್ಲವೇ?

ಉತ್ತರ: ಪಕ್ಷಪಾತ ಅದಕ್ಕೆ ನಾವು ಕೊಡುವ ಲೆಕ್ಕಪತ್ರದಲ್ಲೇ ಇರಬಹುದು. ಅಮೆರಿಕದ ಆಸ್ಪತ್ರೆಗಳಲ್ಲಿ ಬಳಸುತ್ತಿದ್ದ ಅಂಥ ಒಂದು ಪ್ರೋಗ್ರಾಂ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪ್ರೋಗ್ರಾಂ ರೋಗಿಯ ಜನಾಂಗವನ್ನು ನೋಡುತ್ತಲೇ ಇರಲಿಲ್ಲ. ಅದು ಅಂದಾಜು ಮಾಡುತ್ತಿದ್ದದ್ದು ಮುಂದೆ ಯಾರ ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು. ಖರ್ಚು ಹೆಚ್ಚಿದ್ದರೆ ಕಾಯಿಲೆ ಹೆಚ್ಚು ಎಂಬುದು ಅದರ ಹಿಂದಿನ ಎಣಿಕೆ. ಆದರೆ ಚಿಕಿತ್ಸೆ ಕಡಿಮೆ ಸಿಗುತ್ತಾ ಬಂದ ಕಪ್ಪುವರ್ಣೀಯರ ಮೇಲೆ ಅದುವರೆಗೆ ಆದ ಖರ್ಚೂ ಕಡಿಮೆ. ಹೀಗಾಗಿ ಹೆಚ್ಚು ಕಾಯಿಲೆಯಿದ್ದ ಅವರನ್ನು ಪ್ರೋಗ್ರಾಂ ಆರೋಗ್ಯವಂತರೆಂದು ಎಣಿಸಿತು. ಆ ತಪ್ಪನ್ನು ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪುವರ್ಣೀಯರ ಪಾಲು ನೂರಕ್ಕೆ 17.7ರಿಂದ 46.5ಕ್ಕೆ ಏರುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದರು. ಯಂತ್ರವನ್ನು ಬೇಡವೆನ್ನುವುದು ನನ್ನ ಅಭಿಪ್ರಾಯವಲ್ಲ. ಈ ನಿರ್ಧಾರದ ಹಿಂದೆ ಏನನ್ನು ಅಳೆದಿದ್ದೀರಿ ಎಂದು ರೋಗಿ ಕೇಳಿದಾಗ ಉತ್ತರ ಹೇಳಲು ಒಬ್ಬ ಮನುಷ್ಯ ಇರಬೇಕು.

ಪ್ರಶ್ನೆ: ಎರಡು ವರ್ಷದ ಹಿಂದೆ ಒಂದು ಟ್ರಯಲ್‌ನಲ್ಲಿ ಭಾಗವಹಿಸಿದ್ದೆ. ಅದರ ಫಲಿತಾಂಶ ಏನಾಯಿತೆಂದು ಯಾರೂ ಹೇಳಲಿಲ್ಲ. ಕೇಳಬಹುದೇ?

ಉತ್ತರ: ಖಂಡಿತ ಕೇಳಬೇಕು, ತಮ್ಮ ಶರೀರ ಕೊಟ್ಟು ಪಡೆದ ಉತ್ತರವದು. ಔಷಧಿ ಫಲಿಸದಿದ್ದಾಗ ಫಲಿತಾಂಶವನ್ನು ಪ್ರಕಟಿಸದೆ ಪಕ್ಕಕ್ಕಿಡುವ ಕೆಟ್ಟ ರೂಢಿ ಸಂಶೋಧನಾ ಕ್ಷೇತ್ರದಲ್ಲಿ ಬಹಳ ಹಿಂದಿನಿಂದ ಇದೆ. ಇದರಿಂದ ಅದೇ ನಿಷ್ಫಲ ಪ್ರಯೋಗಕ್ಕೆ ಇನ್ನಷ್ಟು ಜನರನ್ನು ಸೇರಿಸಿದಂತಾಗುತ್ತದೆ. ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸದ ಟ್ರಯಲ್‌ನ ವರದಿಯನ್ನು ಪ್ರಕಟಿಸುವುದಿಲ್ಲವೆಂದು ಪ್ರಮುಖ ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರು 2005ರಿಂದ ಷರತ್ತು ಹಾಕಿದ್ದಾರೆ. ತಮ್ಮ ಬಳಿಯಿರುವ ಒಪ್ಪಿಗೆ ಪತ್ರದ ಪ್ರತಿಯಲ್ಲಿ ಟ್ರಯಲ್‌ನ ನೋಂದಣಿ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಸಂಶೋಧಕರಿಂದ ಕೇಳಿ ಪಡೆಯಿರಿ. ಇಂಟರ್ನೆಟ್‌ನಲ್ಲಿರುವ ನೋಂದಣಿ ಪುಟದಲ್ಲಿ ಆ ಸಂಖ್ಯೆ ಹಾಕಿದರೆ ಟ್ರಯಲ್ ನಡೆಯುತ್ತಿದೆಯೇ, ಮುಗಿದಿದೆಯೇ, ಅರ್ಧಕ್ಕೆ ನಿಂತಿದೆಯೇ ಎಂಬುದು ಕಾಣುತ್ತದೆ. ಅಲ್ಲಿಯೂ ಏನೂ ಇಲ್ಲದಿದ್ದರೆ ಒಪ್ಪಿಗೆ ಪತ್ರದಲ್ಲಿ ಕೊಟ್ಟಿರುವ ನೀತಿ ಸಮಿತಿಯ ವಿಳಾಸಕ್ಕೆ ಒಂದು ಪತ್ರ ಬರೆಯಿರಿ. ನಾನು ಸಮಿತಿಯಲ್ಲಿದ್ದಷ್ಟು ವರ್ಷ ಭಾಗವಹಿಸಿದವರಿಂದ ಅಂಥ ಪತ್ರ ಬಂದದ್ದು ಒಂದೇ ಒಂದು. ಅದನ್ನು ಸಭೆಯಲ್ಲಿ ಓದಿದ ಮರುವಾರವೇ ಸಂಶೋಧಕರಿಂದ ಎಲ್ಲ ಭಾಗಿಗಳಿಗೂ ಎರಡು ಪುಟದ ಉತ್ತರ ಹೋಯಿತು.